ಜಪಾನಿನ ಹಳ್ಳಿ ಮೇಷ್ಟ್ರು: ತೆರಕೋಯಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟ ಎದೋ ಕಾಲದ ಜಪಾನಿನದು. ಅಂದರೆ 1603ರಿಂದ 1868ರವರೆಗೆ, ತೊಕುಗಾವಾ ಮನೆತನದ ಸೇನಾಧಿಪತಿ ದೊರೆಗಳಾದ ಶೋಗನ್‌ಗಳು ಆಳಿದ ಕಾಲ. ಆಗ ಹಳ್ಳಿಯ ಮಕ್ಕಳಿಗೆ ಓದು ಬರಹ ಕಲಿಸಿದವರು ಯಾರು, ಯಾಕೆ ಕಲಿಸಿದರು, ಊರು ಅವರನ್ನು ಹೇಗೆ ನಡೆಸಿಕೊಂಡಿತು ಅನ್ನೋದೇ ವಿಷಯ. ಮೊದಲೇ ಹೇಳಿಬಿಡ್ತೀನಿ, ನನಗೆ ಈ ಮೇಷ್ಟ್ರುಗಳ ಮೇಲೆ ಸ್ವಲ್ಪ ಮಮತೆ ಜಾಸ್ತಿ. ಆದರೂ ಅವರನ್ನು ದೇವರು ಮಾಡಿ ಕೂರಿಸುವ ಆಸೆಯಿಲ್ಲ.

ತೆರಕೋಯಾ ಅಂದ್ರೆ ಏನು?

ಊರಿನ ಮಕ್ಕಳಿಗೆ ಅಕ್ಷರ ಕಲಿಸುವ ಖಾಸಗಿ ಪಾಠಶಾಲೆ. ಜಪಾನಿ ಭಾಷೆಯಲ್ಲಿ ‘ತೆರಾ’ ಅಂದರೆ ಬೌದ್ಧ ಗುಡಿ, ‘ಕೊ’ ಅಂದರೆ ಮಗು. ಹಿಂದೆ ಗುಡಿಗೆ ಹೋಗಿ ಭಿಕ್ಷುಗಳ ಹತ್ತಿರ ಕಲಿಯುತ್ತಿದ್ದ ಮಕ್ಕಳಿಗೆ ‘ತೆರಾಕೊ’ ಅನ್ನುತ್ತಿದ್ದರು. ಆಮೇಲೆ ಪಾಠ ಗುಡಿಯಿಂದ ಮನೆಗೆ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು.

ಶಾಲೆ ಅಂದ ತಕ್ಷಣ ಕಟ್ಟಡ, ಗಂಟೆ, ಹಾಜರಿ ಪುಸ್ತಕ ಅಂದುಕೊಳ್ಳಬೇಡಿ. ಮೇಷ್ಟ್ರ ಮನೆಯ ಒಂದು ಕೋಣೆ, ನೆಲಕ್ಕೆ ಚಾಪೆ, ಸಾಲಾಗಿ ಗಿಡ್ಡ ಮೇಜು. ಇಷ್ಟೇ ಶಾಲೆ. ಮೇಷ್ಟ್ರಿಗೆ ‘ಶಿಶೋ’ ಅನ್ನುತ್ತಿದ್ದರು. ಮಕ್ಕಳಿಗೆ ‘ಫುದೆಕೊ’ ಅಂತಲೂ ಒಂದು ಹೆಸರಿತ್ತು. ಫುದೆ ಅಂದರೆ ಬರೆಯುವ ಕುಂಚ, ಫುದೆಕೊ ಅಂದರೆ ಕುಂಚದ ಮಗು. ಈ ಪದವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ಇದಕ್ಕೆ ಸರ್ಕಾರ ದುಡ್ಡು ಕೊಡ್ತಿತ್ತಾ?

ಇಲ್ಲ. ಶೋಗನ್ ಆಗಲಿ, ಸೀಮೆಯ ದೊರೆಗಳಾದ ದೈಮ್ಯೋಗಳಾಗಲಿ ಸಾಮಾನ್ಯವಾಗಿ ಈ ಪಾಠಶಾಲೆಗಳ ಗೋಜಿಗೆ ಹೋಗಲಿಲ್ಲ. ದೊರೆಗಳು ಶಾಲೆ ಕಟ್ಟಿಸಿದ್ದು ಹೆಚ್ಚಾಗಿ ಸಮುರಾಯ್, ಅಂದರೆ ಯೋಧ ವರ್ಗದ ಮಕ್ಕಳಿಗೆ. ಹಳ್ಳಿಯ ಮೇಷ್ಟ್ರಿಗೆ ಪರವಾನಗಿ ಬೇಕಿರಲಿಲ್ಲ, ಪರೀಕ್ಷೆ ಇರಲಿಲ್ಲ, ತಪಾಸಣೆಗೆ ಯಾರೂ ಬರುತ್ತಿರಲಿಲ್ಲ. ‘ನಾನು ಕಲಿಸ್ತೀನಿ’ ಅಂದವನ ಮನೆಗೆ ಊರಿನವರು ಮಕ್ಕಳನ್ನು ಕಳಿಸಿದರೆ ಅವನೇ ಮೇಷ್ಟ್ರು. ಕಳಿಸದಿದ್ದರೆ ಇಲ್ಲ, ಅಷ್ಟೇ.

ಒಂದು ಹೊರತಾದ ಪ್ರಸಂಗ ಇದೆ. ಎಂಟನೇ ಶೋಗನ್ ಯೋಶಿಮುನೆಗೆ ಗಿಡುಗ ಹಿಡಿದು ಬೇಟೆಗೆ ಹೋಗುವ ಹುಚ್ಚು. ಎದೋ ನಗರದ (ಈಗಿನ ಟೋಕಿಯೋ) ಹತ್ತಿರದ ಶಿಮಾನೆ ಅನ್ನುವ ಹಳ್ಳಿಯಲ್ಲಿ ಯೋಶಿದಾ ಜುನಾನ್ ಅನ್ನುವ ವೈದ್ಯರೊಬ್ಬರು ಸರ್ಕಾರದ ಕಟ್ಟಳೆಗಳನ್ನೇ ಮಾದರಿ ಬರಹವಾಗಿ ಕೊಟ್ಟು ಮಕ್ಕಳಿಂದ ತಿದ್ದಿಸುತ್ತಿದ್ದರು. ಇದು ಶೋಗನ್ ಕಿವಿಗೆ ಬಿದ್ದು ಅವರಿಗೆ ಬಹುಮಾನ ಸಿಕ್ಕಿತು. ಅದು 1722. ಅದೇ ವರ್ಷ ನೀತಿಬೋಧೆಯ ಪುಸ್ತಕವೊಂದನ್ನು ಸರ್ಕಾರ ಅಚ್ಚು ಹಾಕಿಸಿ ಎದೋದ ಮೇಷ್ಟ್ರುಗಳಿಗೆ ಹಂಚಿತು. ಬಿಟ್ಟಿ ಪುಸ್ತಕ, ಜೊತೆಗೆ ಶಹಬ್ಬಾಸ್‌ಗಿರಿ. ಅದರಾಚೆಗೆ ಖಜಾನೆಯ ಬಾಗಿಲು ತೆರೆದದ್ದು ಕಡಿಮೆ.

ಹಾಗಾದ್ರೆ ರೈತನ ಮಗನಿಗೆ ಅಕ್ಷರ ಯಾಕೆ ಬೇಕಿತ್ತು?

ಇಡೀ ಪುಟದ ತಿರುಳು ಈ ಪ್ರಶ್ನೆಯಲ್ಲೇ ಇದೆ. ಹಾಗಾಗಿ ಸ್ವಲ್ಪ ಉದ್ದ ಹೇಳ್ತೀನಿ.

ಎದೋ ಕಾಲದಲ್ಲಿ ಸಮುರಾಯ್‌ಗಳು ಸಾಮಾನ್ಯವಾಗಿ ಹಳ್ಳಿಯಲ್ಲಿ ಇರುತ್ತಿರಲಿಲ್ಲ. ಹೆಚ್ಚಿನವರನ್ನು ಕೋಟೆಯ ಪೇಟೆಗಳಿಗೆ ಕರೆಸಿ ಅಲ್ಲೇ ಇರಿಸಿದ್ದರು. ದೇಶದಲ್ಲಿ ಸುಮಾರು 63 ಸಾವಿರ ಹಳ್ಳಿ. ಆಳುವವನು ಪೇಟೆಯಲ್ಲಿ, ದುಡಿಯುವವನು ಹಳ್ಳಿಯಲ್ಲಿ. ಇಬ್ಬರ ನಡುವೆ ಓಡಾಡಿದ್ದು ಕಾಗದ. ಅಪ್ಪಣೆ ಬಂದರೂ ಕಾಗದ, ಅಹವಾಲು ಹೋದರೂ ಕಾಗದ.

ಕಂದಾಯದ ಲೆಕ್ಕ ಇನ್ನೂ ಸ್ವಾರಸ್ಯ. ದೊರೆಯ ಕಡೆಯಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ಅದರಲ್ಲಿ ಇಂಥವನು ಇಷ್ಟು ಕೊಡಬೇಕು ಅಂತ ಇರುತ್ತಿರಲಿಲ್ಲ. ಇಡೀ ಹಳ್ಳಿ ಸೇರಿ ಇಷ್ಟು ಅಕ್ಕಿ ಅಂತ ಇರುತ್ತಿತ್ತು. ಅದನ್ನು ಮನೆಮನೆಗೆ ಹಂಚುವ ಕೆಲಸ ಊರಿನ ಯಜಮಾನನದು. ಪೂರ್ವದ ಕಡೆ ಅವನಿಗೆ ‘ನನುಶಿ’ ಅನ್ನುತ್ತಿದ್ದರು, ಪಶ್ಚಿಮದ ಕಡೆ ‘ಶೋಯಾ’. ಪಟೇಲ, ಶಾನುಭೋಗ ಇಬ್ಬರ ಕೆಲಸವನ್ನೂ ಒಬ್ಬನೇ ಮಾಡಿದ ಹಾಗೆ ಅಂದುಕೊಳ್ಳಿ. ಈಗ ಯೋಚನೆ ಮಾಡಿ. ಒಬ್ಬನಿಗೆ ಮಾತ್ರ ಓದಲು ಬಂದರೆ ಏನಾಗುತ್ತದೆ? ಅವನು ಹೇಳಿದ್ದೇ ಲೆಕ್ಕ.

ಹಾಗಾಗಿ ಸಣ್ಣ ರೈತರು ‘ಪುಸ್ತಕ ತೋರಿಸಿ, ನಮ್ಮ ಪಾಲು ಹೇಗೆ ಬಂತು ನೋಡ್ತೀವಿ’ ಅಂತ ಯಜಮಾನನ ಬಾಗಿಲಿಗೆ ಹೋದ ಜಗಳಗಳು ಊರೂರಲ್ಲಿ ಆದವು. ಇಂಥ ಊರೊಳಗಿನ ಗಲಾಟೆಗೆ ‘ಮುರಕತಾ ಸೋದೋ’ ಅಂತಲೇ ಹೆಸರಿದೆ. ಪುಸ್ತಕ ತೋರಿಸು ಅಂತ ಯಾರು ಬೇಕಾದರೂ ಕೂಗಬಹುದು. ತೋರಿಸಿದ ಮೇಲೆ ಓದಲು ಬರಬೇಕಲ್ವಾ? ಅದಕ್ಕೆ ಮೇಷ್ಟ್ರು ಬೇಕಾಯಿತು.

ಇದರ ಮೇಲೆ ವ್ಯಾಪಾರ ಬಂತು. ರೇಷ್ಮೆ ಗೂಡು, ಹತ್ತಿ, ಎಣ್ಣೆಬೀಜ ಮಾರುವವನಿಗೆ ರಸೀದಿ ಬೇಕು, ಸಾಲದ ಪತ್ರ ಬೇಕು, ಬಡ್ಡಿ ಲೆಕ್ಕ ಬೇಕು. ಬೆಳೆಯ ಬಗ್ಗೆ ಅಚ್ಚಾದ ಪುಸ್ತಕಗಳೂ ಬಂದವು. ಮಿಯಾಜಾಕಿ ಯಾಸುಸಾದಾ ಬರೆದ ‘ನೋಗ್ಯೋ ಜೆನ್‌ಶೋ’ 1697ರಲ್ಲಿ ಬಂತು. ಓದಲು ಬಂದ ರೈತನಿಗೆ ಪಕ್ಕದ ಸೀಮೆಯ ಬೇಸಾಯ ಮನೆಯಲ್ಲೇ ಕೂತು ಗೊತ್ತಾಗುವ ಹಾಗಾಯಿತು.

ಮೇಷ್ಟ್ರು ಯಾರಾಗ್ತಿದ್ರು?

ಬೌದ್ಧ ಭಿಕ್ಷು, ಶಿಂತೋ ಗುಡಿಯ ಪೂಜಾರಿ, ನಾಟಿ ವೈದ್ಯ, ಊರಿನ ಯಜಮಾನ, ಅನುಕೂಲಸ್ಥ ರೈತ, ದೊರೆ ಇಲ್ಲದೆ ಅಲೆಯುತ್ತಿದ್ದ ಸಮುರಾಯ್. ಹತ್ತೊಂಬತ್ತನೇ ಶತಮಾನ ಬರುವ ಹೊತ್ತಿಗೆ ಹಳ್ಳಿಗಳಲ್ಲಿ ರೈತ ಮನೆತನದ ಮೇಷ್ಟ್ರುಗಳು ತುಂಬಾ ಜಾಸ್ತಿಯಾದರು. ಬೆಳಿಗ್ಗೆ ಪಾಠ, ಸಂಜೆ ಗದ್ದೆ. ಅಥವಾ ಬೇಸಿಗೆಯೆಲ್ಲ ಗದ್ದೆ, ಚಳಿಗಾಲದಲ್ಲಿ ಮಾತ್ರ ಪಾಠ. ಹಿಮ ಬೀಳುವ ಸೀಮೆಯಲ್ಲಿ ಹೊಲದ ಕೆಲಸ ನಿಂತಾಗಲೇ ಶಾಲೆ ಶುರು.

ಒಬ್ಬರ ಕತೆ ಹೇಳ್ತೀನಿ. ಈಗಿನ ಗುನ್ಮಾ ಸೀಮೆಯಲ್ಲಿ ಅಕಾಗಿ ಬೆಟ್ಟದ ತಪ್ಪಲಿನ ಹರಾನೊಗೋ ಹಳ್ಳಿಯಲ್ಲಿ ಫುನಾತ್ಸು ದೆಂಜಿಬೇ 1832ರಲ್ಲಿ ಹುಟ್ಟಿದರು. ಅಪ್ಪ ಮನೆಯಲ್ಲೇ ಪಾಠಶಾಲೆ ನಡೆಸುತ್ತಿದ್ದರು. ಅದಕ್ಕೆ ‘ತೊಂಬತ್ತೊಂಬತ್ತರ ಕುಟೀರ’ ಅನ್ನುವ ಅರ್ಥದ ಚಂದದ ಹೆಸರು. ಅಪ್ಪನ ನಂತರ ಹೆಸರೂ ಮಗನಿಗೇ ಬಂತು, ಶಾಲೆಯೂ ಬಂತು. ಹಾಗೇ ಊರಿನ ಯಜಮಾನಿಕೆಯೂ ಬಂತು. ಅವರಿಗೆ ಲೆಕ್ಕದ ಹುಚ್ಚು, ಬೇಸಾಯದ ಹುಚ್ಚು. ರೇಷ್ಮೆ ಸಾಕುವ ಉಪಾಯಗಳನ್ನು ಹಾಡು ಕಟ್ಟಿ ಜನರಿಗೆ ಕಲಿಸಿದರು. ಕೊನೆಗೆ ಸರ್ಕಾರವೇ ಕರೆದು ಟೋಕಿಯೋದ ಕೋಮಾಬಾ ಕೃಷಿ ಶಾಲೆಯಲ್ಲಿ ಪಾಠ ಹೇಳಲು ನೇಮಿಸಿತು. ಹಳ್ಳಿಯ ಕೋಣೆಯಲ್ಲಿ ಮಕ್ಕಳ ಕೈ ತಿದ್ದುತ್ತಿದ್ದ ಮೇಷ್ಟ್ರನ್ನು ಇವತ್ತು ಜಪಾನಿನವರು ಶೋಗನ್ ಆಳ್ವಿಕೆ ಮುಗಿದ ಮೇಲೆ ಬಂದ ಮೇಜಿ ಕಾಲದ ಮೂವರು ಹಿರಿಯ ಬೇಸಾಯಗಾರರಲ್ಲಿ ಒಬ್ಬರು ಅಂತ ನೆನೆಯುತ್ತಾರೆ.

ಎಲ್ಲರೂ ಹೀಗಿರಲಿಲ್ಲ ಬಿಡಿ. ತಾವೇ ಅರ್ಧಂಬರ್ಧ ಕಲಿತು ಉಳಿದದ್ದನ್ನು ಊಹೆಯಲ್ಲಿ ತುಂಬಿಸಿದವರೂ ಇದ್ದೇ ಇರುತ್ತಾರೆ.

ಸಂಬಳ ಎಷ್ಟಿತ್ತು?

ಗೊತ್ತು ಮಾಡಿದ ಸಂಬಳ ಅಂತ ಇರಲಿಲ್ಲ. ಮಗುವನ್ನು ಸೇರಿಸುವಾಗ ಒಂದು ಕಾಣಿಕೆ, ಅದಕ್ಕೆ ‘ಸೊಕುಶು’ ಅಂತ ಹೆಸರು. ಆಮೇಲೆ ವರ್ಷದ ಐದು ದೊಡ್ಡ ಹಬ್ಬಗಳಿಗೆ ಕೈಲಾದಷ್ಟು. ಪೇಟೆಯಲ್ಲಿ ಇದು ಕಾಸಿನ ರೂಪದಲ್ಲಿ ಬಂದರೆ ಹಳ್ಳಿಯಲ್ಲಿ ಅಕ್ಕಿ, ಕಾಳು, ಮೂಲಂಗಿ, ಅಕ್ಕಿ ಹೆಂಡ. ನಮ್ಮ ಕಡೆ ಹೊರೆಕಾಣಿಕೆ ಅಂತಾರಲ್ಲ, ಆ ಬಗೆ. ಚಳಿಗಾಲದಲ್ಲಿ ಇದ್ದಲಿಗೆ ಅಂತ ಒಂದಿಷ್ಟು, ಚಾಪೆ ಸವೆದದ್ದಕ್ಕೆ ಅಂತ ಒಂದಿಷ್ಟು. ಇಲ್ಲದವರು ಮೇಷ್ಟ್ರ ಹೊಲಕ್ಕೆ ಬಂದು ಒಂದು ದಿನ ದುಡಿದು ಹೋದರೂ ಆಗುತ್ತಿತ್ತು.

ಇದರಿಂದ ಸಂಸಾರ ಸಾಗುತ್ತಿತ್ತಾ? ಹಳ್ಳಿಯಲ್ಲಂತೂ ಕಷ್ಟ. ಅದಕ್ಕೇ ಬೇರೆ ಜೀವನೋಪಾಯ ಇದ್ದವರೇ ಹೆಚ್ಚಾಗಿ ಮೇಷ್ಟ್ರಾದರು. ಸಿಕ್ಕಿದ್ದು ಕಾಸಿಗಿಂತ ಮರ್ಯಾದೆ. ಈ ಮಾತು ಎಲ್ಲ ಕಾಲದಲ್ಲೂ ಸಂಬಳ ಕೊಡದವರಿಗೆ ಅನುಕೂಲದ್ದು ಅಂತ ನನಗೂ ಗೊತ್ತು. ಆದರೆ ಇಲ್ಲಿ ಅದು ನಿಜವೇ.

ಮಕ್ಕಳನ್ನು ಯಾವಾಗ ಸೇರಿಸ್ತಿದ್ರು?

ಏಳೆಂಟು ವಯಸ್ಸಿಗೆ. ದಿನಗಳಿಗೆ ಪ್ರಾಣಿಗಳ ಹೆಸರಿಡುವ ಪಂಚಾಂಗದ ಪ್ರಕಾರ ಚಾಂದ್ರಮಾನದ ಎರಡನೇ ತಿಂಗಳಲ್ಲಿ ಮೊದಲ ‘ಕುದುರೆ ದಿನ’ ಬರುತ್ತದೆ, ಹಾತ್ಸು ಉಮಾ ಅಂತ. ಶಾಲೆಗೆ ಸೇರಿಸಲು ಆ ದಿನ ಒಳ್ಳೆಯದು ಅನ್ನುವ ವಾಡಿಕೆ ಬಹಳ ಕಡೆ ಇತ್ತು. ಹನ್ನೆರಡು ಹದಿಮೂರಕ್ಕೆ ಓದು ಮುಗಿಯಿತು. ನಡುವೆ ನಾಟಿ, ಕೊಯ್ಲು ಬಂದರೆ ರಜೆ. ತರಗತಿ ಇಲ್ಲ, ಪಾಸು ಫೇಲು ಇಲ್ಲ. ಒಬ್ಬ ಎರಡು ವರ್ಷ ಬಂದು ಹೆಸರು ಬರೆಯಲು ಕಲಿತು ಹೋದ, ಇನ್ನೊಬ್ಬ ಆರು ವರ್ಷ ಕೂತು ಪತ್ರ ಬರೆಯುವುದು ಕಲಿತ. ಇಬ್ಬರೂ ಫುದೆಕೊಗಳೇ.

ಒಂದು ದಿನದ ಪಾಠ ಹೇಗಿರ್ತಿತ್ತು?

ಸದ್ದು ಗದ್ದಲ. ಆ ಕಾಲದ ಚಿತ್ರಗಳನ್ನು ನೋಡಿದರೆ ಒಬ್ಬ ಬರೆಯುತ್ತಿರುತ್ತಾನೆ, ಇನ್ನೊಬ್ಬ ಪಕ್ಕದವನ ಮುಖಕ್ಕೆ ಮಸಿ ಬಳಿಯುತ್ತಿರುತ್ತಾನೆ. ಬೆಳಿಗ್ಗೆ ಬಂದು ಕೂತರೆ ಮಧ್ಯಾಹ್ನ ಕಳೆದ ಮೇಲೆ ಬಿಡುಗಡೆ. ಎಲ್ಲರಿಗೂ ಒಂದೇ ಪಾಠ ಇಲ್ಲ. ಪ್ರತಿ ಮಗುವಿಗೂ ಮೇಷ್ಟ್ರೇ ಮಾದರಿ ಬರೆದು ಕೊಡುತ್ತಿದ್ದರು. ಮೀನುಗಾರನ ಮಗನಿಗೆ ಒಂದು, ಬಡಗಿಯ ಮಗನಿಗೆ ಇನ್ನೊಂದು.

ನನಗೆ ತುಂಬಾ ಇಷ್ಟವಾಗುವ ಒಂದು ವಿಷಯ ಇದೆ. ಮಗು ಈ ಕಡೆ, ಮೇಷ್ಟ್ರು ಎದುರಿನ ಕಡೆ ಕೂತಿರುತ್ತಾರೆ. ತಿದ್ದಬೇಕಾದರೆ ಎದ್ದು ಮಗುವಿನ ಹಿಂದೆ ಬರಬೇಕು. ಮೂವತ್ತು ಮಕ್ಕಳಿದ್ದರೆ ಎಷ್ಟು ಸಲ ಅಂತ ಏಳೋದು? ಅದಕ್ಕೆ ಮೇಷ್ಟ್ರು ಎದುರಿನಿಂದಲೇ ತಲೆಕೆಳಗಾಗಿ ಬರೆಯುತ್ತಿದ್ದರು. ಅವರಿಗೆ ಉಲ್ಟಾ, ಮಗುವಿಗೆ ಸರಿ. ನೀವೂ ಒಮ್ಮೆ ಎದುರು ಕೂತು ‘ಅ’ ಬರೆದು ನೋಡಿ. ಕೈ ಎಲ್ಲಿಗೋ ಹೋಗುತ್ತದೆ. ಕುಂಚದಲ್ಲಿ, ಎಲ್ಲಿ ಒತ್ತಬೇಕೋ ಅಲ್ಲಿ ಒತ್ತಿ, ಎಲ್ಲಿ ತೇಲಿಸಬೇಕೋ ಅಲ್ಲಿ ತೇಲಿಸಿ ಹೀಗೆ ಬರೆಯೋದು ವರ್ಷಗಟ್ಟಲೆ ಪಳಗಿದ ಕೈಗೆ ಮಾತ್ರ ಬರುವಂಥದ್ದು.

ಕಾಗದ ದುಬಾರಿ. ಹಾಗಾಗಿ ಅಭ್ಯಾಸದ ಹಾಳೆ ಒಂದೇ ಸಲಕ್ಕೆ ಮುಗಿಯುತ್ತಿರಲಿಲ್ಲ. ಬರೆದದ್ದರ ಮೇಲೇ ಮತ್ತೆ ಬರೆಯೋದು, ಒಣಗಿಸೋದು, ಮತ್ತೆ ಬರೆಯೋದು. ಹಾಳೆ ಪೂರ್ತಿ ಕಾಡಿಗೆಯ ಹಾಗೆ ಕಪ್ಪಾದರೂ ಬಿಡುತ್ತಿರಲಿಲ್ಲ. ಕಪ್ಪು ಒಣಹಾಳೆಯ ಮೇಲೆ ಹಸಿ ಮಸಿ ಮಿನುಗುತ್ತದೆ, ಆ ಮಿನುಗಿನಲ್ಲೇ ಅಕ್ಷರ ಕಾಣುತ್ತದೆ. ಒಣಗಿದ ಮೇಲೆ ಮಾಯ. ಸ್ಲೇಟನ್ನು ಎಂಜಲಲ್ಲಿ ಒರೆಸಿ ಬೆಳೆದ ನಮಗೆ ಈ ಕಂಜೂಸುತನ ಚೆನ್ನಾಗಿ ಅರ್ಥವಾಗುತ್ತದೆ.

ಕೋಣೆಯಲ್ಲಿ ತೆಂಜಿನ್ ದೇವರ ಪಟ ಇರುತ್ತಿತ್ತು. ಅದು ಸುಗವಾರಾ ನೊ ಮಿಚಿಜಾನೆ ಅನ್ನುವ ಹಳೆಯ ಪಂಡಿತ. ಆಸ್ಥಾನದವರು ಗಡೀಪಾರು ಮಾಡಿದಾಗ 903ರಲ್ಲಿ ದೂರದ ಊರಲ್ಲಿ ಸತ್ತರು. ಆಮೇಲೆ ರಾಜಧಾನಿಯಲ್ಲಿ ಆದ ಅನಾಹುತಗಳಿಗೆ ಅವರ ಸಿಟ್ಟೇ ಕಾರಣ ಅಂತ ಹೆದರಿ ಜನ ದೇವರು ಮಾಡಿದರು. ಕಾಲ ಕಳೆದಂತೆ ವಿದ್ಯೆಯ ದೇವರಾದರು. ಅವರು ಹುಟ್ಟಿದ್ದೂ 25, ಸತ್ತದ್ದೂ 25ನೇ ತಾರೀಕು ಅನ್ನೋದರಿಂದ ಪ್ರತಿ ತಿಂಗಳ 25ಕ್ಕೆ ಪೂಜೆ. ಅವತ್ತು ಪಾಠಕ್ಕೆ ರಜೆ ಕೊಡುವ ವಾಡಿಕೆಯೂ ಇತ್ತು.

ಏನೇನು ಕಲಿಸ್ತಿದ್ರು?

ಓನಾಮ ಶುರುವಾಗೋದು ‘ಇರೋಹಾ’ದಿಂದ. ಅದು 47 ಕಾನಾ ಅಕ್ಷರಗಳನ್ನೂ ಒಂದೊಂದೇ ಸಲ ಬರುವ ಹಾಗೆ ಹೆಣೆದ ಹಳೆಯ ಪದ್ಯ. ಅಕ್ಷರಮಾಲೆಯೂ ಆಯಿತು, ಪದ್ಯವೂ ಆಯಿತು.

ಆಮೇಲೆ ಜನರ ಹೆಸರಲ್ಲಿ ಬರುವ ಅಕ್ಷರಗಳು: ಗೆನ್, ಹೇ, ತೋ, ಕಿತ್ಸು ಹೀಗೆ. ಅದಾದ ಮೇಲೆ ಸುತ್ತಲ ಹಳ್ಳಿಗಳ ಹೆಸರು. ನಂತರ ದೇಶದ ಪ್ರಾಂತ್ಯಗಳ ಹೆಸರು. ನೋಡಿ, ಎಷ್ಟು ಜಾಣ ಕ್ರಮ! ಮೊದಲು ಅಕ್ಕಪಕ್ಕದವರು, ಆಮೇಲೆ ಅಕ್ಕಪಕ್ಕದ ಊರು, ಆಮೇಲೆ ದೇಶ. ಮಗು ಯಾವತ್ತು ಶಾಲೆ ಬಿಟ್ಟರೂ ಅಲ್ಲಿವರೆಗೆ ಕಲಿತದ್ದು ಉಪಯೋಗಕ್ಕೆ ಬರುತ್ತಿತ್ತು.

ಮುಂದಿನ ಹಂತ ‘ಓರೈಮೋನೋ’. ಓರೈ ಅಂದರೆ ಹೋಗಿಬರುವುದು. ಇವು ಮೊದಲು ಹೋಗಿಬಂದ ಪತ್ರಗಳ ಮಾದರಿ ಸಂಗ್ರಹಗಳು, ಆಮೇಲೆ ಎಲ್ಲ ಬಗೆಯ ಪಠ್ಯಕ್ಕೂ ಅದೇ ಹೆಸರಾಯಿತು. ಸಾವಿರಗಟ್ಟಲೆ ಬಗೆ ಅಚ್ಚಾದವು. ವ್ಯಾಪಾರಿಗಳ ಮಕ್ಕಳಿಗೆ ‘ಶೋಬೈ ಓರೈ’, ರೈತರ ಮಕ್ಕಳಿಗೆ ‘ಹ್ಯಾಕುಶೋ ಓರೈ’. ಎರಡನೆಯದರಲ್ಲಿ ನೇಗಿಲು, ಗುದ್ದಲಿ, ಗೊಬ್ಬರ, ಅಳತೆ, ಕಂದಾಯ ಇವೇ ಪದಗಳು.

ಐದೈದು ಮನೆ ಸೇರಿಸಿ ಒಬ್ಬರ ತಪ್ಪಿಗೆ ಎಲ್ಲರನ್ನೂ ಹೊಣೆ ಮಾಡುವ ‘ಗೋನಿನ್‌ಗುಮಿ’ ಪದ್ಧತಿ ಇತ್ತು. ಅದರ ಕಟ್ಟಳೆಗಳ ಪಟ್ಟಿಯೂ ಪಠ್ಯವಾಯಿತು. ಜೂಜಾಡಬೇಡ, ಕಂದಾಯ ಬಾಕಿ ಇಡಬೇಡ, ಈ ಥರದ್ದು. ಸರ್ಕಾರಕ್ಕೆ ಖುಷಿ.

ಆದರೆ ಸರ್ಕಾರಕ್ಕೆ ಅಷ್ಟೇನೂ ಖುಷಿ ಕೊಡದ ಪಠ್ಯವೂ ಇತ್ತು. 1633ರಲ್ಲಿ ಈಗಿನ ಯಮಾಗಾತಾ ಸೀಮೆಯ ಶಿರಾಇವಾ ಎಂಬಲ್ಲಿನ ರೈತರು ತಮ್ಮ ದೊರೆ ಸಕಾಯ್ ತದಾಶಿಗೆಯ ಕಾಟ ತಾಳಲಾರದೆ ಶೋಗನ್ ಸರ್ಕಾರಕ್ಕೆ ಒಂದು ದೂರು ಬರೆದರು. ದೊರೆ ಏನೇನು ಕಿತ್ತುಕೊಂಡ, ಹೇಗೆ ಹಿಂಸಿಸಿದ ಅಂತ ಒಂದೊಂದೇ ಕಲಮು ಮಾಡಿ ಬರೆದ ದೂರು. ಅದರ ನಕಲು ಕೈಯಿಂದ ಕೈಗೆ ಹೋಗಿ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ತಿದ್ದುವ ಮಾದರಿ ಬರಹವಾಯಿತು! ಯಾವ ಮೇಷ್ಟ್ರೂ ಮಕ್ಕಳಿಗೆ ದಂಗೆ ಏಳಿ ಅಂತ ಹೇಳಬೇಕಾಗಿರಲಿಲ್ಲ. ದೂರು ಬರೆಯುವ ಒಕ್ಕಣೆ ಹೇಗಿರಬೇಕು, ಅಷ್ಟನ್ನೇ ತಿದ್ದಿಸಿದರೆ ಸಾಕು. ನೂರಾರು ವರ್ಷದ ಹಿಂದಿನ ರೈತರ ಸಂಕಟ ಮಕ್ಕಳ ಬೆರಳಲ್ಲಿ ಕೂತುಬಿಡುತ್ತಿತ್ತು.

ಇನ್ನೊಂದು ಮಾತು ಸೇರಿಸಬೇಕು. ಎಲ್ಲ ಕಡೆ ಕಲಿಸುತ್ತಿದ್ದದ್ದು ‘ಓಇಎ’ ಶೈಲಿಯ ಕೈಬರಹ, ಸರ್ಕಾರಿ ಕಾಗದಗಳಲ್ಲಿ ಬರುವ ಅದೇ ಬರಹ. ಉತ್ತರದವನ ಮಾತು ದಕ್ಷಿಣದವನಿಗೆ ಒಂದಕ್ಷರ ಅರ್ಥವಾಗದಿದ್ದರೂ ಅವನ ಪತ್ರ ಅರ್ಥವಾಗುತ್ತಿತ್ತು.

ಲೆಕ್ಕ ಕಲಿಸ್ತಿರಲಿಲ್ವಾ?

ಕೆಲವು ಕಡೆ ಕಲಿಸುತ್ತಿದ್ದರು, ಎಲ್ಲ ಕಡೆ ಅಲ್ಲ. ‘ಸೊರೊಬಾನ್’ ಅನ್ನುವ ಮಣಿಚೌಕಟ್ಟಿನ ಮೇಲೆ ಕೂಡೋದು ಕಳೆಯೋದು, ಭಾಗಾಕಾರಕ್ಕೂ ಬಾಯಿಪಾಠದ ಮಗ್ಗಿ. ಯೋಶಿದಾ ಮಿತ್ಸುಯೋಶಿ 1627ರಲ್ಲಿ ಬರೆದ ‘ಜಿಂಕೋಕಿ’ ಲೆಕ್ಕದ ಪುಸ್ತಕ ಮನೆಮಾತಾಗಿತ್ತು. ಅದರಲ್ಲಿ ಇಲಿಗಳ ಲೆಕ್ಕ ಒಂದಿದೆ. ಒಂದು ಜೋಡಿ ಇಲಿ ಮೊದಲ ತಿಂಗಳು 12 ಮರಿ ಹಾಕುತ್ತದೆ. ಆಮೇಲೆ ಪ್ರತಿ ತಿಂಗಳೂ ಪ್ರತಿ ಜೋಡಿಯೂ 12 ಮರಿ ಹಾಕಿದರೆ ವರ್ಷದ ಕೊನೆಗೆ ಎಷ್ಟು? ಉತ್ತರ 27,682,574,402. ಕಣಜ ಇಟ್ಟುಕೊಂಡ ರೈತನ ಮಗ ಈ ಲೆಕ್ಕ ಮರೆಯುತ್ತಾನಾ?

ಹೊಡೀತಿದ್ರಾ?

ಬೆತ್ತ ಇತ್ತು. ಆದರೆ ಹೆಸರಾದ ಶಿಕ್ಷೆ ಬೇರೆ. ಒಂದು ಕೈಯಲ್ಲಿ ಅಂಚಿನವರೆಗೆ ನೀರು ತುಂಬಿದ ಬಟ್ಟಲು, ಇನ್ನೊಂದು ಕೈಯಲ್ಲಿ ಹಚ್ಚಿದ ಊದುಬತ್ತಿ ಕೊಟ್ಟು ಮೇಜಿನ ಮೇಲೆ ಕೂರಿಸೋದು. ಊದುಬತ್ತಿ ಉರಿದು ಮುಗಿಯುವವರೆಗೆ ನೀರು ಚೆಲ್ಲಬಾರದು. ಇನ್ನೊಂದು, ಶಾಲೆ ಬಿಟ್ಟ ಮೇಲೂ ಮನೆಗೆ ಬಿಡದೆ ಕೂರಿಸಿಕೊಳ್ಳೋದು.

ಈ ಕೂರಿಸಿಕೊಂಡ ಮಗುವನ್ನು ಬಿಡಿಸುವ ರೀತಿ ಮಜವಾಗಿದೆ. ಮಗುವೇ ಬಂದು ತಪ್ಪಾಯಿತು ಅಂದರೆ ಸಾಲದು. ಅವನ ಪರವಾಗಿ ಇನ್ನೊಬ್ಬರು ಬಂದು ಕೇಳಿಕೊಳ್ಳಬೇಕು. ಪಕ್ಕದ ಮನೆಯ ಅಜ್ಜಿಯೋ, ಮೇಷ್ಟ್ರ ಹೆಂಡತಿಯೋ, ದೊಡ್ಡ ಹುಡುಗನೋ ಬಂದು ‘ಇದೊಂದು ಸಲ ಬಿಟ್ಟುಬಿಡಿ, ನಾನು ಹೇಳ್ತೀನಿ ಅವನಿಗೆ’ ಅನ್ನೋದು. ಮೇಷ್ಟ್ರು ಗಂಟು ಮುಖ ಹಾಕಿಕೊಂಡೇ ‘ನಿಮ್ಮ ಮುಖ ನೋಡಿ ಬಿಡ್ತಾ ಇದ್ದೀನಿ’ ಅನ್ನೋದು. ಮೇಷ್ಟ್ರ ಮಾತೂ ಉಳಿಯಿತು, ಮಗುವೂ ಮನೆಗೆ ಹೋಯಿತು. ಎಲ್ಲರಿಗೂ ಇದು ನಾಟಕ ಅಂತ ಗೊತ್ತು, ಆದರೂ ಆಡಬೇಕು.

ಹೆಣ್ಣುಮಕ್ಕಳು ಬರ್ತಿದ್ರಾ?

ಎದೋ, ಒಸಾಕಾ ಥರದ ಪೇಟೆಗಳಲ್ಲಿ ಸಾಕಷ್ಟು. ಎದೋದಲ್ಲಂತೂ ಹೆಂಗಸರೇ ನಡೆಸುವ ಪಾಠಶಾಲೆಗಳೂ ಇದ್ದವು. ಹಳ್ಳಿಯಲ್ಲಿ ಮಾತ್ರ ಕಡಿಮೆ. ತಮ್ಮಂದಿರನ್ನು ಬೆನ್ನಿಗೆ ಕಟ್ಟಿಕೊಂಡು ತಿರುಗುವ ಹುಡುಗಿಗೆ ಕುಂಚ ಹಿಡಿಯಲು ಬಿಡುವೆಲ್ಲಿ? ಬಂದವರಿಗೂ ಬೇರೆ ಪಠ್ಯ. ಅತ್ತೆ ಮಾವನಿಗೆ ತಗ್ಗಿ ನಡೆ, ಗಂಡನ ಮಾತಿಗೆ ಎದುರಾಡಬೇಡ ಅನ್ನುವ ಪುಸ್ತಕಗಳನ್ನೇ ತಿದ್ದಿಸಿದರು, ಜೊತೆಗೆ ಹೊಲಿಗೆ. ಅಕ್ಷರ ಕೊಟ್ಟ ಕೈಯೇ ಬೇಲಿಯನ್ನೂ ಹಾಕಿತು.

ಪಾಠ ಬಿಟ್ಟು ಊರಲ್ಲಿ ಮೇಷ್ಟ್ರಿಗೆ ಬೇರೆ ಏನು ಕೆಲಸ?

ಊರಿನ ಕಾಗದದ ಕೆಲಸ ಬಹಳಷ್ಟು ಅವರ ತಲೆಗೇ. ಪತ್ರ ಬರೆಯಬೇಕಾ, ಪತ್ರ ಬಂದರೆ ಓದಿ ಹೇಳಬೇಕಾ, ಮಗುವಿಗೆ ಹೆಸರಿಡಬೇಕಾ, ಜಮೀನು ಅಡವಿಡುವ ಪತ್ರಕ್ಕೆ ಒಕ್ಕಣೆ ಬೇಕಾ, ಗಂಡ ಹೆಂಡಿರ ಜಗಳ ಬಗೆಹರಿಸಬೇಕಾ, ಎಲ್ಲದಕ್ಕೂ ಮೇಷ್ಟ್ರು. ಎರಡು ಹಳ್ಳಿಗಳ ನಡುವೆ ನೀರಿನ ಜಗಳ, ಹುಲ್ಲುಗಾವಲಿನ ಜಗಳ ಬಂದಾಗ ರಾಜಿಪತ್ರ ಬರೆಯಲು ನೆಟ್ಟಗೆ ಬರೆಯುವ ಕೈ ಬೇಕಿತ್ತು. ರಾತ್ರಿ ಹೊತ್ತು ಹೈಕಾಯ್ ಪದ್ಯ ಕಟ್ಟುವ ಗೆಳೆಯರ ಕೂಟ ಸೇರಿದರೆ ಅಲ್ಲೂ ಅವರೇ ಹಿರಿಯರು.

ಮೇಷ್ಟ್ರು ಯಾರ ಕಡೆ ಅನ್ನುವ ಪ್ರಶ್ನೆ ಇದೆ. ಯಜಮಾನನೇ ಮೇಷ್ಟ್ರಾಗಿದ್ದರೆ ತನ್ನ ಲೆಕ್ಕ ಪ್ರಶ್ನೆ ಮಾಡುವವರನ್ನು ತಾನೇ ತಯಾರು ಮಾಡುತ್ತಿದ್ದ ಅಂತಾಯಿತು! ಅದು ಅವನಿಗೆ ಗೊತ್ತಿರಲಿಲ್ಲ ಅಂತ ನನಗನ್ನಿಸಲ್ಲ. ಓದು ಬರಹ ಬಲ್ಲವರು ಊರಲ್ಲಿ ಜಾಸ್ತಿ ಇದ್ದರೆ ಪೇಟೆಯಿಂದ ಬರುವ ಅಧಿಕಾರಿಯ ಎದುರು ಊರಿಗೇ ಬಲ. ಆ ಲಾಭದ ಮುಂದೆ ಒಳಜಗಳದ ಭಯ ಸಣ್ಣದಾಗಿ ಕಂಡಿರಬೇಕು.

ನಮ್ಮ ಕೂಲಿಮಠದ ಹಾಗೇನಾ?

ತಂದೆ ತಾಯಿ ಕೊಟ್ಟ ಕಾಳುಕಡ್ಡಿಯಲ್ಲಿ ಮೇಷ್ಟ್ರು ಬದುಕಿದ್ದು, ಸರ್ಕಾರ ದೂರ ಇದ್ದದ್ದು, ಇಷ್ಟು ಮಟ್ಟಿಗೆ ಹೌದು. ಅದಕ್ಕಿಂತ ಹೆಚ್ಚು ಎಳೆಯೋದು ಬೇಡ. ಎರಡಕ್ಕೂ ಒಂದಕ್ಕೊಂದು ನಂಟಿಲ್ಲ.

ಹಾಗಾದ್ರೆ ಹಳ್ಳಿಯವರೆಲ್ಲ ಓದು ಬರಹ ಬಲ್ಲವರಾಗಿದ್ರಾ?

ಎದೋ ಕಾಲದ ಜಪಾನಿನಲ್ಲಿ ಎಲ್ಲರಿಗೂ ಓದಲು ಬರುತ್ತಿತ್ತು ಅನ್ನುವ ಮಾತು ವಾಟ್ಸಾಪಲ್ಲಿ ಓಡಾಡುತ್ತದೆ. ನಂಬಬೇಡಿ.

ಶಾಲೆಗಳು ಬಹಳ ಇದ್ದದ್ದು ನಿಜ. ಮೇಜಿ ಸರ್ಕಾರ ಆಮೇಲೆ ಕಲೆಹಾಕಿದ ಪಟ್ಟಿಯಲ್ಲೇ 15 ಸಾವಿರಕ್ಕೂ ಹೆಚ್ಚು ತೆರಕೋಯಾಗಳ ಹೆಸರಿವೆ, ಪಟ್ಟಿಗೆ ಸೇರದೆ ಹೋದವು ಬೇರೆ. ಬೆಟ್ಟಗಾಡಾದ ನಾಗಾನೊ ಸೀಮೆ ಒಂದರಲ್ಲೇ 1,300ಕ್ಕೂ ಹೆಚ್ಚು. ಬ್ರಿಟಿಷ್ ವಿದ್ವಾಂಸ ರೊನಾಲ್ಡ್ ಡೋರ್ ಹಾಕಿದ ಅಂದಾಜಿನಂತೆ ಎದೋ ಕಾಲದ ಕೊನೆಗೆ ನೂರಕ್ಕೆ 40ಕ್ಕೂ ಹೆಚ್ಚು ಗಂಡುಮಕ್ಕಳು, ಸುಮಾರು 10 ಹೆಣ್ಣುಮಕ್ಕಳು ಮನೆಯ ಹೊರಗೆ ಏನಾದರೂ ಪಾಠ ಹೇಳಿಸಿಕೊಂಡಿದ್ದರು.

ಆದರೆ ಶಾಲೆಗೆ ಹೋಗೋದು ಬೇರೆ, ಓದು ಬರಹ ಬರೋದು ಬೇರೆ. ಅದೇ ನಾಗಾನೊದ ತೊಕಿವಾ ಹಳ್ಳಿಯಲ್ಲಿ 1881ರಲ್ಲಿ 882 ಗಂಡಸರನ್ನು ಪರೀಕ್ಷೆ ಮಾಡಿದರು. ನೂರಕ್ಕೆ 35 ಮಂದಿಗೆ ಹೆಸರು ಬರೆಯಲೂ ಬರಲಿಲ್ಲ. ಇನ್ನೂ 41 ಮಂದಿಗೆ ಹೆಸರು, ಊರು ಇಷ್ಟೇ. ದಿನದ ಜಮಾಖರ್ಚು ಬರೆಯುವವರು, ಪತ್ರ ಓದುವವರು ಉಳಿದ ಕಾಲುಭಾಗದಲ್ಲಿ ಬಂದರು. ಸೀಮೆ ಸೀಮೆಗೂ ಅಜಗಜಾಂತರ ಬೇರೆ. ವ್ಯಾಪಾರದ ಶಿಗಾ ಸೀಮೆಯಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಗಂಡಸರು ಹೆಸರು ಬರೆಯಬಲ್ಲವರಾಗಿದ್ದರೆ, ದಕ್ಷಿಣದ ಕಾಗೋಶಿಮಾದಲ್ಲಿ 1884ರಲ್ಲಿ ಗಂಡಸರು ನೂರಕ್ಕೆ 33, ಹೆಂಗಸರು 4.

ಇದನ್ನು ಮೇಷ್ಟ್ರುಗಳ ಸೋಲು ಅಂತ ನಾನು ಓದಲ್ಲ. ಊರಿಗೆ ಹತ್ತಿಪ್ಪತ್ತು ಜನ ಚೆನ್ನಾಗಿ ಓದುವವರು, ಇನ್ನೊಂದಿಷ್ಟು ಜನ ತಡವರಿಸಿ ಓದುವವರು ಇದ್ದರೆ ಯಜಮಾನ ಸುಳ್ಳು ಲೆಕ್ಕ ಬರೆಯುವ ಮುಂಚೆ ಎರಡು ಸಲ ಯೋಚಿಸುತ್ತಾನೆ.

ತೆರಕೋಯಾ ಯಾವಾಗ ನಿಂತುಹೋಯಿತು?

1868ರಲ್ಲಿ ಶೋಗನ್ ಆಳ್ವಿಕೆ ಮುಗಿಯಿತು. 1872ರಲ್ಲಿ ಹೊಸ ಮೇಜಿ ಸರ್ಕಾರ ಶಿಕ್ಷಣದ ಕಾಯಿದೆ ತಂದಿತು. ಹಳ್ಳಿಯಲ್ಲಿ ಓದದ ಮನೆ ಇರಬಾರದು, ಮನೆಯಲ್ಲಿ ಓದದ ಮನುಷ್ಯ ಇರಬಾರದು ಅನ್ನೋದು ಅದರ ಗುರಿ. ದೇಶಕ್ಕೆಲ್ಲ 53,760 ಪ್ರಾಥಮಿಕ ಶಾಲೆ ಅಂತ ಕಾಗದದ ಮೇಲೆ ಲೆಕ್ಕ ಹಾಕಿದರು. ಅಷ್ಟು ಶಾಲೆಗೆ ಮೇಷ್ಟ್ರು ಎಲ್ಲಿ? ಹಳೆಯ ಶಿಶೋಗಳನ್ನೇ ಕರೆದರು. ಎಷ್ಟೋ ಕಡೆ ಅದೇ ಗುಡಿ, ಅದೇ ಮನೆ, ಅದೇ ಮೇಷ್ಟ್ರು, ಬೋರ್ಡು ಮಾತ್ರ ಹೊಸದು.

ಪಾಠ ಮಾತ್ರ ಬದಲಾಯಿತು. ಈಗ ಎಲ್ಲರಿಗೂ ಒಂದೇ ಪಾಠ, ಎದುರಿಗೆ ಕರಿಹಲಗೆ. ಮೊದಮೊದಲ ಸರ್ಕಾರಿ ಓದುಪುಸ್ತಕ ಅಮೆರಿಕದ ಪುಸ್ತಕದಿಂದ ಅನುವಾದವಾದದ್ದು. ಜಗತ್ತಿನಲ್ಲಿ ಐದು ಬಗೆಯ ಜನಾಂಗ ಇವೆ ಅಂತ ಅದು ಶುರುವಾಗುತ್ತದೆ. ಪಕ್ಕದೂರಿನ ಹೆಸರಿನಿಂದ ಓದು ಶುರು ಮಾಡುತ್ತಿದ್ದ ಹಳ್ಳಿಯ ಮಗುವಿಗೆ ಮಲಯ ಜನಾಂಗ! ಇದರ ಮೇಲೆ ತಿಂಗಳಿಗೆ 50 ಸೆನ್ ಶುಲ್ಕ ಅಂತ ಕಾಯಿದೆಯಲ್ಲಿ ಬರೆದರು. ಅದು ಹಳ್ಳಿಯವರಿಗೆ ಎಟುಕುವ ದುಡ್ಡಲ್ಲ, ಹೆಚ್ಚಿನ ಕಡೆ ಅಷ್ಟು ವಸೂಲಿ ಮಾಡಲೂ ಆಗಲಿಲ್ಲ. 1873ರಲ್ಲಿ ಶಾಲೆಗೆ ಬಂದ ಮಕ್ಕಳು ನೂರಕ್ಕೆ 28. ಅದೇ ವರ್ಷ ಸೈನ್ಯದ ಕಡ್ಡಾಯ ಸೇರ್ಪಡೆಯ ಸಿಟ್ಟೂ ಸೇರಿ ಪಶ್ಚಿಮ ಜಪಾನಿನ ಕೆಲವು ಕಡೆ ರೈತರು ದಂಗೆ ಎದ್ದಾಗ ಹೊಸ ಶಾಲೆಗಳಿಗೂ ಬೆಂಕಿ ಬಿತ್ತು. ಹೊರೆಕಾಣಿಕೆ ಹೊತ್ತುಕೊಂಡು ಹೋಗಿ ಮಕ್ಕಳನ್ನು ಓದಿಸಿದ ಅದೇ ಜನ. ಅವರಿಗೆ ಓದು ಬೇಡವಾಗಿತ್ತು ಅಂತ ಹೇಳೋದು ಸುಮ್ನೆ ಮಾತು.

ಈಗ ನೋಡೋಕೆ ಏನಾದ್ರೂ ಉಳಿದಿದೆಯಾ?

ಮ್ಯೂಸಿಯಂಗಳಲ್ಲಿ ಮೇಜು, ಮಸಿಕಲ್ಲು, ಕಪ್ಪಾದ ಹಾಳೆಗಳಿವೆ. ಆದರೆ ನಾನು ಹೇಳುವುದಾದರೆ ಕಲ್ಲುಗಳನ್ನು ನೋಡಿ. ಮೇಷ್ಟ್ರು ಸತ್ತ ಮೇಲೆ, ಕೆಲವೊಮ್ಮೆ ಬದುಕಿದ್ದಾಗಲೇ, ಕಲಿತ ಮಕ್ಕಳು ದುಡ್ಡು ಹಾಕಿ ಒಂದು ಕಲ್ಲು ನಿಲ್ಲಿಸುತ್ತಿದ್ದರು. ಅದಕ್ಕೆ ‘ಫುದೆಕೊ ಜುಕಾ’ ಅಂತ ಹೆಸರು, ಕುಂಚದ ಮಕ್ಕಳ ದಿಬ್ಬ. ಟೋಕಿಯೋ ಪಕ್ಕದ ಚಿಬಾ ಸೀಮೆಯೊಂದರಲ್ಲೇ ಹುಡುಕಿದಾಗ 3 ಸಾವಿರಕ್ಕೂ ಹೆಚ್ಚು ಸಿಕ್ಕವು. ಗುಡಿಯ ಅಂಗಳದಲ್ಲಿ, ಸಮಾಧಿಗಳ ನಡುವೆ, ದಾರಿಯ ಪಕ್ಕ, ಪಾಚಿ ಹಿಡಿದು ನಿಂತಿವೆ. ಸರ್ಕಾರದ ಪಟ್ಟಿಯಲ್ಲಿ ಹೆಸರೇ ಇಲ್ಲದ ಎಷ್ಟೋ ಮೇಷ್ಟ್ರುಗಳು ಇದ್ದರು ಅಂತ ಗೊತ್ತಾದದ್ದೇ ಈ ಕಲ್ಲುಗಳಿಂದ.

ತೆರಕೋಯಾ ಮುಚ್ಚಿ ವರ್ಷಗಳಾದ ಮೇಲೆ ನಿಲ್ಲಿಸಿದ ಕಲ್ಲುಗಳೂ ಇವೆ. ಅಷ್ಟು ಹೊತ್ತಿಗೆ ಆ ಮಕ್ಕಳಿಗೇ ಮೊಮ್ಮಕ್ಕಳಾಗಿರಬೇಕು. ನೀವು ಆ ಕಡೆ ಹೋದರೆ ಕಲ್ಲಿನ ಬುಡ ನೋಡಿ. ಬಹಳ ಕಲ್ಲುಗಳ ಮೇಲೆ ನಿಲ್ಲಿಸಿದವರ ಹೆಸರೇ ಇರುವುದಿಲ್ಲ. ಮೂರೇ ಅಕ್ಷರ ಇರುತ್ತದೆ: ‘ಫುದೆ ಕೊ ಚೂ’. ಕುಂಚದ ಮಕ್ಕಳೆಲ್ಲರೂ ಅಂತ.